ಒಬ್ಬನೇ ಇದ್ದ ಸಾಲು

"ಯಾರ್ರೀ ಅದು, ಗೆರೆ ದಾಟಿ ನಿಂತಿರೋದು?"

ಸೀಟಿ ಮೊಳಗಿತು. ಫುಟ್‌ಬಾಲ್ ಆಟ ನಿಂತೇ ಹೋಯಿತು. ಆಟಗಾರರು, ಪ್ರೇಕ್ಷಕರು, ಬೇಲಿ ಹತ್ತಿ ಕೂತಿದ್ದ ಪುಕ್ಕಟೆ ಗಿರಾಕಿಗಳು... ಎಲ್ಲರ ಕಣ್ಣೂ ಅವಳ ಮೇಲೆ!

ಅವಳು ಕ್ಯಾಮೆರಾದಿಂದ ಮುಖ ಎತ್ತಿ ಕಾಲ ಬುಡ ನೋಡಿಕೊಂಡಳು. ಸುಣ್ಣದ ಗೆರೆ ಹಿಂದೆ ಉಳಿದಿತ್ತು. ಚೆಂಡನ್ನೇ ಹಿಂಬಾಲಿಸುತ್ತ ಮೈದಾನದೊಳಗೆ ಬಂದುಬಿಟ್ಟಿದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ.

ರೆಫರಿ ಓಡಿ ಬಂದ. ಒಣಕಲು ದೇಹ, ಉದ್ದನೆ ಕಾಲು, ನಗು ಅನ್ನುವುದು ಸೋಕಿಯೇ ಇಲ್ಲವೇನೋ ಅನ್ನುವಂಥ ಮುಖ.

"ನಾನು... ಯೂನಿವರ್ಸಿಟಿಯಿಂದ... ಸಂಶೋಧನೆಗೆ ಅಂತ ಲೀಗ್‌ನವರು ಅನುಮತಿ ಕೊಟ್ಟಿದ್ದಾರೆ."

"ನೋಡೋಕೆ ಕೊಟ್ಟಿರ್ತಾರೆ ಮೇಡಂ, ಆಡೋಕಲ್ಲ. ಆಚೆ ನಡೀರಿ."

ಜನ ಗೊಳ್ಳೆಂದು ನಕ್ಕರು. "ಅಕ್ಕಂಗೂ ಒಂದು ಜೆರ್ಸಿ ಕೊಡ್ರೋ!" ಎಂದು ಯಾರೋ ಕೂಗಿದರು.

ಅವಳ ಕಿವಿ ಕೆಂಪಾದವು. 'ಎಂಥಾ ಗರ್ವ! ಊದೋದು ಒಂದು ಸೀಟಿ, ಅದಕ್ಕೇ ಇಷ್ಟು ಜಂಬ!' ಎಂದು ಮನಸ್ಸಿನಲ್ಲೇ ಶಪಿಸುತ್ತ ಗೆರೆಯಾಚೆ ಬಂದು ನಿಂತಳು.

ಮರುದಿನ ಅವಳ ಪ್ರಯೋಗದ ಕೋಣೆಯ ಬಾಗಿಲು ತಟ್ಟಿದವನು ಯಾರು ಅಂತೀರಿ? ಅವನೇ!

"ವಿಡಿಯೋ ನೋಡಿ ಬಟನ್ ಒತ್ತಬೇಕು ಅಂತ ಲೀಗ್‌ನವರು ಕಳಿಸಿದ್ರು," ಎಂದ. ಹೊಸ್ತಿಲಲ್ಲೇ ನಿಂತು ನೆಲ ನೋಡಿದ. "ಇಲ್ಲಿ ಗೆರೆ ಎಲ್ಲಿದೆ ಹೇಳಿಬಿಡಿ. ದಾಟಿ ಬೈಸಿಕೊಳ್ಳೋದು ಬೇಡ."

ನಗಬಾರದು ಅಂದುಕೊಂಡಳು. ನಕ್ಕುಬಿಟ್ಟಳು. ಹಾಳಾದ ನಗು, ಎಲ್ಲ ಶುರುವಾಗಿದ್ದೇ ಅದರಿಂದ.

ಆ ಊರನ್ನು ಒಂದು ಹೊಳೆ ಎರಡು ಮಾಡಿತ್ತು. ಈಚೆ ದಡದವರು ಮೊದಲಿನಿಂದ ಇದ್ದವರು. ಆಚೆ ದಡದವರು ಎಲ್ಲೆಲ್ಲಿಂದಲೋ ಕೂಲಿಗೆ ಬಂದು ಅಲ್ಲೇ ನೆಲೆ ನಿಂತವರ ಮಕ್ಕಳು, ಮೊಮ್ಮಕ್ಕಳು. ಈಚೆಯವರ ಬಾಯಲ್ಲಿ ಅವರಿಗೆ 'ಕೆಸರುಗಾಲು' ಅಂತ ಹೆಸರು. ಸೇತುವೆ ಕಟ್ಟಿ ಎಷ್ಟೋ ವರ್ಷವಾಗಿತ್ತು, ಆ ಹೆಸರು ಮಾತ್ರ ಹೋಗಿರಲಿಲ್ಲ.

ಅವಳು ಈಚೆಯವಳು. ಅವಳ ಸಂಶೋಧನೆಯ ಪ್ರಶ್ನೆ ನೇರವಾಗಿತ್ತು. ಒಂದೇ ತಪ್ಪನ್ನು ಈಚೆಯವನು ಮಾಡಿದರೆ ಒಂದು ಶಿಕ್ಷೆ, ಆಚೆಯವನು ಮಾಡಿದರೆ ಇನ್ನೊಂದು ಶಿಕ್ಷೆಯೆ? ಅದಕ್ಕೆಂದೇ ವಿದ್ಯಾರ್ಥಿಗಳಿಂದ ಡಿಕ್ಕಿ ಹೊಡೆಸಿ, ಕಾಲು ಅಡ್ಡ ಕೊಡಿಸಿ, ಪುಟ್ಟ ಪುಟ್ಟ ವಿಡಿಯೋ ಮಾಡಿಸಿದ್ದಳು. ಆಟಗಾರ ಅದೇ, ಬೀಳುವ ರೀತಿ ಅದೇ. ಕಂಪ್ಯೂಟರಿನಲ್ಲಿ ಜೆರ್ಸಿಯ ಬಣ್ಣ ಮಾತ್ರ ಬದಲಾಗುತ್ತಿತ್ತು. ನೀಲಿ ಅಂದರೆ ಈಚೆಯ ಕ್ಲಬ್ಬು, ಹಸಿರು ಅಂದರೆ ಆಚೆಯದು. ರೆಫರಿ ನೋಡಿ ಬಟನ್ ಒತ್ತಬೇಕು. ಬಿಟ್ಟುಬಿಡುವುದೋ, ಹಳದಿ ಕಾರ್ಡು ತೋರಿಸಿ ಎಚ್ಚರಿಸುವುದೋ, ಕೆಂಪು ಕಾರ್ಡು ತೋರಿಸಿ ಮೈದಾನದಿಂದಲೇ ಹೊರಗೆ ಕಳಿಸುವುದೋ?

ಬಣ್ಣದ ವಿಷಯ ಮೊದಲೇ ಹೇಳಿದರೆ ಎಲ್ಲರೂ ದೇವರಾಗಿಬಿಡುತ್ತಾರೆ. ಹಾಗಾಗಿ, "ಎಷ್ಟು ಬೇಗ ತೀರ್ಮಾನ ಮಾಡ್ತೀರಿ ಅಂತ ನೋಡೋ ಪರೀಕ್ಷೆ" ಎಂದಷ್ಟೇ ಹೇಳಿ ಕೂರಿಸಿದಳು. ಎಲ್ಲರದೂ ಮುಗಿದ ಮೇಲೆ ಒಟ್ಟಿಗೆ ಕರೆಸಿ ನಿಜ ಹೇಳಿದಳು.

"ಯಾರ ಉತ್ತರ ಏನು ಅಂತ ಇನ್ನೊಬ್ಬರಿಗೆ ಗೊತ್ತಾಗಲ್ಲ. ನಾನು ಮಾತು ಕೊಡ್ತೀನಿ," ಎಂದಳು.

ಹಿರಿಯ ರೆಫರಿಗಳು ಮುಖ ಮುಖ ನೋಡಿಕೊಂಡರು. ಅವನು ಮಾತ್ರ ಎದೆ ಸೆಟೆಸಿ ಕೂತಿದ್ದ.

"ನಂದು ಬೇಕಾದ್ರೆ ಗೋಡೆಗೆ ಅಂಟಿಸಿ ಮೇಡಂ. ನಂಗೇನು ಭಯ?"

ಅವನಿಗೆ ಭಯ ಯಾಕಿರಬೇಕು? ಲೀಗ್‌ನಲ್ಲಿ ಆಚೆ ದಡದಿಂದ ಬಂದ ರೆಫರಿ ಅವನೊಬ್ಬನೇ. ತನ್ನವರು ಅಂತ ಎಂದೂ ರಿಯಾಯಿತಿ ತೋರಿಸಿದವನಲ್ಲ. ಈಚೆಯ ಜನ ಮೆಚ್ಚಿ ಅವನಿಗೆ 'ತಕ್ಕಡಿ' ಎಂದು ಹೆಸರಿಟ್ಟಿದ್ದರು. ಆ ಹೆಸರನ್ನು ಅವನು ಹಣೆಯ ಮೇಲೇ ಹೊತ್ತು ತಿರುಗುತ್ತಿದ್ದ.

"ನಿಮಗೆ ಲೆಕ್ಕ ಬರುತ್ತೆ, ಆಟ ಬರಲ್ಲ," ಎಂದು ಅವನೇ ಕಲಿಸಲು ಬಂದ. ಕ್ಯಾಂಟೀನಿನ ಮೇಜಿನ ಮೇಲೆ ಬಾಟಲಿ ಮುಚ್ಚಳ ಜೋಡಿಸಿ ಆಫ್‌ಸೈಡ್ ಅಂದರೇನು ಎಂದು ತೋರಿಸಿದ. ಅವಳು ಅವನಿಗೆ ಸರಾಸರಿ ಹೇಳಿಕೊಟ್ಟಳು. ಚಹಾ ಆರುತ್ತಿತ್ತು, ಮಾತು ಆರುತ್ತಿರಲಿಲ್ಲ. ಮೇಡಂ ಹೋಗಿ 'ನೀವು' ಆಯಿತು. 'ನೀವು' ಹೋಗಿ ಯಾವಾಗ 'ನೀನು' ಆಯಿತೋ, ಇಬ್ಬರಿಗೂ ತಿಳಿಯಲಿಲ್ಲ.

ಒಂದು ಸಂಜೆ ಸೇತುವೆಯ ಮೇಲೆ ನಿಂತಾಗ ಅವನೇ ಬಾಯಿ ಬಿಟ್ಟ.

"ನಂಗೊಬ್ಬ ತಮ್ಮ ಇದ್ದಾನೆ. ನನ್ನ ಜೊತೆ ಮಾತಾಡಲ್ಲ."

"ಯಾಕೆ?"

"ಆಟಗಾರ. ನಮ್ಮ ಕೇರಿಲಿ ಅಂಥವನು ಹುಟ್ಟೇ ಇಲ್ಲ. ರಾಜ್ಯ ತಂಡಕ್ಕೆ ಆರಿಸೋರು ನೋಡೋಕೆ ಬಂದಿದ್ರು. ಆವತ್ತಿನ ಮ್ಯಾಚಿಗೆ ರೆಫರಿ ಬರಲಿಲ್ಲ ಅಂತ ನನ್ನ ಹಾಕಿದ್ರು. ಬೇಡ ಅಂದೆ, ಕೇಳಲಿಲ್ಲ. ಅವನು ಒಬ್ಬನ ಕಾಲಿಗೆ ಕಾಲು ಕೊಟ್ಟ... ನಾನು ಕೆಂಪು ಕಾರ್ಡು ತೆಗೆದೆ."

ಅವಳು ಅವನ ಕಡೆ ತಿರುಗಿದಳು.

"ಅಲ್ಲಿಗೆ ಅವನ ಆಟ ಮುಗೀತು. ಈಗ ಗೋಡೌನಲ್ಲಿ ಮೂಟೆ ಹೊರ್ತಾನೆ. ಪಕ್ಕದ ಓಣಿಲೇ ಇದ್ದಾನೆ, ನನ್ನ ಕಂಡ್ರೆ ದಾರಿ ಬದಲಿಸ್ತಾನೆ." ಅವನು ಕಂಬಿ ಹಿಡಿದುಕೊಂಡ. "ಆವತ್ತು ಈಚೆಯೋರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದ್ರು ಗೊತ್ತಾ? ತಕ್ಕಡಿ ಅಂದ್ರೆ ತಕ್ಕಡಿ ಅಂತ! ನಾನು ಮಾಡಿದ್ದು ಸರಿ. ಸರೀನೇ. ಅಲ್ವಾ?"

ಆ ಮ್ಯಾಚಿನ ವಿಡಿಯೋ ಲೀಗ್ ಕೊಟ್ಟ ಹಳೆಯ ದಾಖಲೆಗಳಲ್ಲಿತ್ತು, ಅವಳು ಇನ್ನೂ ನೋಡಿರಲಿಲ್ಲ. ಅವನ ಕೈ ಮೇಲೆ ಕೈ ಇಟ್ಟಳು. 'ಇವನನ್ನು ಬಿಟ್ಟು ನನಗೆ ಬೇರೆ ಬಾಳಿಲ್ಲ' ಎಂದು ಅವಳ ಮನಸ್ಸು ಅಲ್ಲೇ, ಆ ಕ್ಷಣವೇ ನಿರ್ಧರಿಸಿಬಿಟ್ಟಿತು.

ಅಷ್ಟರಲ್ಲೇ ಆಯಿತು ಎಡವಟ್ಟು.

ಲೆಕ್ಕವೆಲ್ಲ ಸಿದ್ಧವಾಗಿತ್ತು. ಹಸಿರು ಜೆರ್ಸಿಗೆ ಕೆಂಪು ಹೆಚ್ಚು. ಪ್ರಯೋಗದಲ್ಲೂ ಹಾಗೇ, ಹಳೆಯ ಪಂದ್ಯಗಳ ದಾಖಲೆಯಲ್ಲೂ ಹಾಗೇ. ಅವಳ ಮೇಷ್ಟ್ರು ಕನ್ನಡಕ ಏರಿಸಿ ಕೇಳಿದರು. "ರೆಫರಿಗಳನ್ನ ಈಚೆಯವರು, ಆಚೆಯವರು ಅಂತ ಬೇರೆ ಮಾಡಿ ನೋಡಮ್ಮ. ಓದೋರು ಅದನ್ನೇ ಕೇಳ್ತಾರೆ."

ಅವಳು ಕೀಲಿ ಒತ್ತಿದಳು. ಕೋಷ್ಟಕದಲ್ಲಿ ಎರಡು ಸಾಲು ಬಂದವು. ಈಚೆ ದಡದ ರೆಫರಿಗಳದೊಂದು ಸಾಲು. ಆಚೆ ದಡದ ರೆಫರಿಗಳದೊಂದು ಸಾಲು. ಎರಡರಲ್ಲೂ ಓರೆ ಇತ್ತು. ಆಚೆಯ ಸಾಲಿನವರೂ ಹಸಿರು ಜೆರ್ಸಿಯನ್ನು ಕಂಡರೆ ಕೆಂಪಿಗೇ ಕೈ ಹಾಕುತ್ತಿದ್ದರು.

ಆಚೆಯ 'ಸಾಲಿನವರು'! ಅಲ್ಲಿ ಇದ್ದದ್ದು ಒಬ್ಬನೇ.

ಅವಳಿಗೆ ಹೊಳೆಯಲಿಲ್ಲವೆ? ಹೊಳೆಯಿತು. "ಸರ್, ಇದು..." ಎಂದಳು.

"ಹೆಸರೆಲ್ಲಿದೆ? ಹೆಸರಿಲ್ಲವಲ್ಲ!" ಎಂದರು ಮೇಷ್ಟ್ರು.

ಕೆಳಗೆ ಕ್ಯಾಂಟೀನಿನಲ್ಲಿ ಅವನು ಕಾಯುತ್ತಿದ್ದ. ತಡವಾಗುತ್ತಿತ್ತು. ಲೇಖನ ಅಚ್ಚಾಗುವ ಸಂಶೋಧನಾ ಪತ್ರಿಕೆಯನ್ನು ಲೀಗ್‌ನವರು ಯಾರು ಓದುತ್ತಾರೆ ಎಂದುಕೊಂಡು ಅವಳು ಆ ಸಾಲನ್ನು ಹಾಗೇ ಬಿಟ್ಟು, ತಲೆ ಬಾಚಿಕೊಂಡು ಮೆಟ್ಟಿಲಿಳಿದಳು. ಪ್ರೀತಿ ಮಾಡಿದವನ ಕತ್ತು ಕೊಯ್ದು ಅವನ ಜೊತೆಗೇ ಚಹಾ ಕುಡಿದಳು ಪುಣ್ಯಾತ್ಗಿತ್ತಿ!

ಓದುವವನು ಒಬ್ಬ ಸಿಕ್ಕಿದರೆ ಸಾಕು. ಯಾರೋ ಸುದ್ದಿಗಾರ ಹೆಕ್ಕಿದ. 'ತಮ್ಮವರನ್ನೇ ಹೊರದಬ್ಬುವ ರೆಫರಿ' ಎಂದು ಮುಖಪುಟದಲ್ಲೇ ಬಂತು. ಹೆಸರು ಹಾಕಿರಲಿಲ್ಲ. ಹಾಕುವ ಅಗತ್ಯವೇ ಇರಲಿಲ್ಲ. ಊರಿಗೆಲ್ಲ ಗೊತ್ತಿತ್ತು, ಅಂಥವನು ಒಬ್ಬನೇ!

ಲೀಗ್‌ನ ಅಧ್ಯಕ್ಷರು ರೆಫರಿಗಳ ಸಭೆ ಕರೆದರು. ಅವಳೂ ಓಡಿದಳು.

ಬಾಗಿಲು ತೆಗೆದಾಗ ಅವನು ಮಧ್ಯದಲ್ಲಿ ನಿಂತಿದ್ದ. ಉಳಿದವರು ಸುತ್ತ ಕುರ್ಚಿಯಲ್ಲಿ ಕೂತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಲೋಕರೂಢಿ. ಅಲ್ಲಿ ಒಬ್ಬನೂ ಹೆಗಲು ಮುಟ್ಟಲಿಲ್ಲ. ತೋರಿಸಲು ಒಂದು ಹೆಗಲು ಸಿಕ್ಕಿತ್ತಲ್ಲ, ಇನ್ನು ತಮ್ಮದು ಯಾಕೆ?

"ಪಕ್ಷಪಾತ ಅಂತ ಸಾಬೀತಾಗಿದೆ. ತನಿಖೆ ಮುಗಿಯೋವರೆಗೂ ನೀನು ಸೀಟಿ ಮುಟ್ಟಬೇಡಪ್ಪ," ಎನ್ನುತ್ತಿದ್ದರು ಅಧ್ಯಕ್ಷರು.

"ಸರ್, ಇದು ಅನ್ಯಾಯ!" ಅವಳು ಕೂಗಿಯೇಬಿಟ್ಟಳು. "ಓರೆ ಎಲ್ಲರದ್ರಲ್ಲೂ ಇದೆ. ಇಲ್ಲಿ ಕೂತಿರೋರಲ್ಲಿ ಇವರಿಗಿಂತ ಹೆಚ್ಚಿರೋರೂ ಇದ್ದಾರೆ!"

ಅಧ್ಯಕ್ಷರು ಮೆಲ್ಲಗೆ ನಕ್ಕರು.

"ಹೌದಾ? ಯಾರು, ಹೇಳಮ್ಮ. ಅವರನ್ನೂ ಮನೆಗೆ ಕಳಿಸ್ತೀನಿ."

ಅವಳ ನಾಲಿಗೆ ತುದಿಯಲ್ಲಿ ಹೆಸರುಗಳಿದ್ದವು. ಮುಂದಿನ ಸಾಲಿನ ದಪ್ಪನೆಯವನು. ಕಿಟಕಿ ಪಕ್ಕದ ಹಿರಿಯ. ಎರಡು ಮಾತು ಸಾಕಿತ್ತು, ಅವನು ಒಬ್ಬಂಟಿಯಾಗಿ ನಿಲ್ಲುವುದು ತಪ್ಪುತ್ತಿತ್ತು. ಆದರೆ ಅವರಿಗೆ ಅವಳು ಮಾತು ಕೊಟ್ಟಿದ್ದಳು. 'ಇನ್ನೊಬ್ಬರಿಗೆ ಗೊತ್ತಾಗಲ್ಲ' ಎಂದಿದ್ದಳು. ಅತ್ತ ದರಿ, ಇತ್ತ ಪುಲಿ!

ಅವನು ಅವಳನ್ನೇ ನೋಡುತ್ತಿದ್ದ. ಆ ಕಣ್ಣಿನಲ್ಲಿ ಆಸೆ ಇತ್ತು ಕಣ್ರೀ... ಹೇಳುತ್ತಾಳೆ ಅನ್ನುವ ಆಸೆ.

ಅವಳು ತಲೆ ತಗ್ಗಿಸಿದಳು.

ಹೊರಗೆ ಮೆಟ್ಟಿಲ ಬಳಿ ಅವನ ತೋಳು ಹಿಡಿದಳು. ಅವನು ಬಿಡಿಸಿಕೊಂಡ.

"ಚೆನ್ನಾಗಿತ್ತು ಮೇಡಂ ನಿಮ್ಮ ಪ್ರಯೋಗ."

ಮೇಡಂ! ಅವಳ ಎದೆ ಒಡೆಯಿತು.

"ನಾನು ಹೇಳೋದು ಕೇಳು..."

"ಏನು ಕೇಳೋದು? ಆಚೆಯವನದ್ದು ಊರಿಗೆಲ್ಲ ಡಂಗುರ. ಈಚೆಯವರದ್ದು ಗುಟ್ಟು. ಕೊನೆಗೂ ನೀವು ನಿಮ್ಮೋರನ್ನ ಬಿಟ್ಟುಕೊಡಲಿಲ್ಲ." ಅವನ ದನಿ ಬಿರಿಯಿತು. "ಒಂದೇ ಒಂದು ಹೇಳಿ. ಸೇತುವೆ ಮೇಲೆ ನನ್ನ ಕೈ ಹಿಡಿದ್ರಲ್ಲ, ಅದೂ ಸಂಶೋಧನೆಗೇನಾ?"

"ಹಾಗನ್ನಬೇಡ!"

ಅವನು ನಿಲ್ಲಲಿಲ್ಲ. ಅವಳು ಆ ಮೆಟ್ಟಿಲ ಮೇಲೇ ಕುಸಿದು ಕೂತು, ಬಂದು ಹೋಗುವವರ ಎದುರಿಗೇ ಅತ್ತಳು.

ಮರುದಿನ ಸೇತುವೆ ದಾಟಿ ಅವನ ಮನೆ ಹುಡುಕಿಕೊಂಡು ಹೋದಳು. ಬಾಗಿಲಿಗೆ ಬಂದದ್ದು ಅವನ ತಾಯಿ. ಒದ್ದೆ ಕೈ ಸೀರೆಗೆ ಒರೆಸಿಕೊಳ್ಳುತ್ತ ಅಡಿಯಿಂದ ಮುಡಿಯವರೆಗೆ ನೋಡಿದರು.

"ಲೆಕ್ಕದವಳು ನೀನೇನಾ?"

"ಅಮ್ಮಾ, ಒಂದೇ ಸಲ ಅವರ ಜೊತೆ..."

"ನನ್ನ ದೊಡ್ಡ ಮಗ ಚಿಕ್ಕವನ್ನ ಆಟದಿಂದ ಹೊರಗೆ ಹಾಕ್ದ. ನೀನು ಬಂದು ದೊಡ್ಡವನ್ನ ಹಾಕ್ದೆ. ಇನ್ನು ಈ ಮನೇಲಿ ಹೊರಗೆ ಹಾಕೋಕೆ ಯಾರಿದ್ದಾರೆ ತಾಯಿ? ನಾನೊಬ್ಬಳು. ನನ್ನೂ ಹಾಕಿ ಹೋಗು."

"ನನ್ನದು ತಪ್ಪಾಯ್ತಮ್ಮ."

"ನಿನ್ನೆ ಚಿಕ್ಕವನು ಬಂದಿದ್ದ. ಅಷ್ಟು ವರ್ಷ ಆದ್ಮೇಲೆ! ನನ್ನ ಜೀವ ತಂಪಾಯ್ತು, ಅಣ್ಣ ತಮ್ಮ ಒಂದಾದ್ರು ಅಂದ್ಕೊಂಡೆ. ಅವನು ಪೇಪರ್ ತಂದು ಅಣ್ಣನ ಮುಂದೆ ಎಸೆದ. 'ಈಗಲಾದ್ರೂ ಗೊತ್ತಾಯ್ತಾ?' ಅಂದ. ಹೋದ." ಆ ತಾಯಿ ಬಾಗಿಲಿಗೆ ಕೈ ಹಾಕಿದರು. "ದೊಡ್ಡವನು ಅವಾಗಿಂದ ಅನ್ನ ಮುಟ್ಟಿಲ್ಲ. ನೀನು ಹೋಗು."

ಬಾಗಿಲು ಮುಚ್ಚಿತು.

ಅವಳು ಮಾಡಬಹುದಾದ್ದೆಲ್ಲ ಮಾಡಿದಳು. ಮೇಷ್ಟ್ರ ಜೊತೆ ಜಗಳವಾಡಿ, ಕೆಲಸ ಹೋದರೂ ಹೋಗಲಿ ಎಂದು ಸಂಶೋಧನಾ ಪತ್ರಿಕೆಗೆ ಬರೆದು ಆ ಸಾಲು ತೆಗೆಸಿದಳು. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ! ತೆಗೆದರೆ ಏನು ಬಂತು, ಊರ ಬಾಯಿಂದ ತೆಗೆಯಲಾದೀತೆ? ಮೇಷ್ಟ್ರು ಮುಂದಿನ ವರ್ಷಕ್ಕೆ ಬೇರೆ ಕಡೆ ನೋಡಿಕೋ ಎಂದರು.

ಆಮೇಲೆ ಅವಳಿಗೆ ಇನ್ನೊಂದು ದಾರಿ ಕಂಡಿತು. ಒಬ್ಬರದು ಇನ್ನೊಬ್ಬರಿಗೆ ಹೇಳುವಂತಿಲ್ಲ, ನಿಜ. ಅವರದು ಅವರಿಗೇ ತೋರಿಸಲು ಏನಡ್ಡಿ? ಉಳಿದ ಎಲ್ಲ ರೆಫರಿಗಳಿಗೂ ಮೆಸೇಜು ಕಳಿಸಿದಳು. 'ಬಂದು ನಿಮ್ಮ ಲೆಕ್ಕ ನೀವೇ ನೋಡಿ. ಒಬ್ಬನೇ ನಿಂತಿರುವವನ ಪಕ್ಕದಲ್ಲಿ ನಿಲ್ಲಬೇಕು ಅನ್ನಿಸಿದರೆ ನಿಲ್ಲಿ.'

ಬಂದದ್ದು ಒಬ್ಬರು. ಕಿಟಕಿ ಪಕ್ಕ ಕೂತಿದ್ದ ಹಿರಿಯ ರೆಫರಿ. ಪರದೆ ನೋಡಿದರು. ಮತ್ತೆ ನೋಡಿದರು. ಟೋಪಿ ತೆಗೆದು ತಲೆ ಕೆರೆದುಕೊಂಡರು.

"ಇದು ನಂದೇನಾ?"

"ನಿಮ್ಮದೇ ಸರ್."

"ಅವನಿಗಿಂತ ಹೆಚ್ಚಿದೆಯಲ್ಲಮ್ಮ!"

ಅವರು ಟೋಪಿ ಹಾಕಿಕೊಂಡು ಹೊರಟುಹೋದರು. ಲೀಗ್ ಸಭೆಯಲ್ಲಿ ಎದ್ದು ನಿಲ್ಲುತ್ತಾರೆ ಎಂದು ಅವಳು ಕಾದಳು. ಸಭೆ ನಡೆಯಿತು. ಯಾರೂ ಎದ್ದು ನಿಲ್ಲಲಿಲ್ಲ. ಅಧ್ಯಕ್ಷರ ತನಿಖೆ ಮುಗಿಯಲೂ ಇಲ್ಲ, ಅವನ ಕೈಗೆ ಸೀಟಿ ಮರಳಿ ಬರಲೂ ಇಲ್ಲ. ಭೇದಭಾವ ಅಳೆಯಲು ಹೊರಟವಳ ಪುಣ್ಯದಿಂದ ಆ ಲೀಗ್‌ನಲ್ಲಿ ಈಗ ಆಚೆ ದಡದ ರೆಫರಿ ಒಬ್ಬನೂ ಉಳಿದಿರಲಿಲ್ಲ.

ಒಂದು ಮಧ್ಯಾಹ್ನ ಅವಳು ಪುಸ್ತಕಗಳನ್ನು ಡಬ್ಬಕ್ಕೆ ತುಂಬುತ್ತಿದ್ದಾಗ ಬಾಗಿಲು ತಟ್ಟಿದ ಸದ್ದಾಯಿತು.

ಅವನು!

ಇನ್ನೂ ಒಣಗಿದ್ದ. ಗಡ್ಡ ಬಿಟ್ಟಿದ್ದ. ಒಳಗೆ ಬಂದು, ಪ್ರಯೋಗದ ದಿನ ಕೂತಿದ್ದ ಕುರ್ಚಿ ಬಿಟ್ಟು ಬೇರೆ ಕುರ್ಚಿ ಎಳೆದು ಕೂತ.

"ಹಿರಿಯರು ನಮ್ಮನೆಗೆ ಬಂದಿದ್ರು," ಎಂದ. "'ನಂದು ನಿನಗಿಂತ ಹೆಚ್ಚಿದೆಯಪ್ಪ, ಎದ್ದು ಹೇಳೋಕೆ ಧೈರ್ಯ ಇಲ್ಲ' ಅಂದ್ರು. ಕಣ್ಣಲ್ಲಿ ನೀರು ಹಾಕ್ಕೊಂಡು ಹೋದ್ರು. ನೀನು ಮೆಸೇಜು ಕಳಿಸಿದ್ದು ಅವರು ಹೇಳಿದ ಮೇಲೇ ಗೊತ್ತಾಗಿದ್ದು. ನನಗೆ ಯಾಕೆ ಕಳಿಸಲಿಲ್ಲ?"

"ನಿಂದು ಊರಿಗೇ ತೋರಿಸಿ ಆಗಿತ್ತಲ್ಲ..." ಅವಳ ಮಾತು ಮುರಿಯಿತು.

ಅವನು 'ನೀನು' ಅಂದಿದ್ದ! ಅವಳು ಅಷ್ಟಕ್ಕೇ ಅಳುವಂತಾದಳು.

"ಆವತ್ತು ಸಭೇಲಿ ನೀನು ಅವರ ಹೆಸರು ಹೇಳಲಿಲ್ಲ ಅಂತ ಎಷ್ಟು ಬೈದ್ಕೊಂಡೆ ಗೊತ್ತಾ? ಆಮೇಲೆ ಯೋಚನೆ ಮಾಡ್ದೆ. ಹೇಳಿದ್ರೆ ಆ ಮುದುಕನ ಮನೇಲೂ ಯಾರಾದ್ರೂ ಪೇಪರ್ ತಂದು ಎಸೀತಿದ್ರು. ಬೇಡಪ್ಪ, ಅದು ಯಾರಿಗೂ ಬೇಡ."

"ನನ್ನ ಕ್ಷಮಿಸಿದ್ಯಾ?"

"ಇಲ್ಲ."

"ಗೊತ್ತು."

"ಆ ಲೆಕ್ಕ ಸುಳ್ಳಾಗಿದ್ರೆ ಜಗಳ ಆಡ್ತಿದ್ದೆ, ಕೋರ್ಟಿಗೆ ಹೋಗ್ತಿದ್ದೆ. ಅದು ನಿಜ. ಅದಕ್ಕೇ ಉರಿಯೋದು." ಅವನು ಮುಖ ಉಜ್ಜಿಕೊಂಡ. "ಹಸಿರು ಕಂಡ್ರೆ ಸಾಕು, ಈಚೆಯವರು ನನ್ನೇ ನೋಡ್ತಿದ್ದಾರೆ, ಬಿಟ್ಟರೆ 'ನೋಡು, ತನ್ನೋರನ್ನ ಬಿಟ್ಟ' ಅಂತಾರೆ ಅನ್ಸೋದು. ಕೈ ತಾನೇ ಜೇಬಿಗೆ ಹೋಗೋದು. ನ್ಯಾಯ ಅಂದ್ಕೊಂಡಿದ್ದೆ ಕಣೇ ಅದನ್ನ. ಬರೀ ಹೆದರಿಕೆ."

ಅವಳು ಮೆಲ್ಲಗೆ ಹತ್ತಿರ ಬಂದು ಕೂತಳು. ಅವನು ಸರಿಯಲಿಲ್ಲ.

"ತಮ್ಮನ ಮ್ಯಾಚಿನ ವಿಡಿಯೋ ನಿನ್ನ ಹತ್ರ ಇದೆ ಅಲ್ವಾ? ತೋರಿಸು."

"ಬೇಡ ಕಣೋ."

"ತೋರಿಸು."

ಹಾಕಿದಳು. ಒಬ್ಬ ಹುಡುಗ ಚಿಗರೆಯ ಹಾಗೆ ಓಡುತ್ತಾನೆ. ಚೆಂಡಿಗೆ ಕಾಲು ಚಾಚುತ್ತಾನೆ. ಎದುರಿನವನು ಬೀಳುತ್ತಾನೆ. ಹುಡುಗ ತಾನೇ ಬಗ್ಗಿ, ಬಿದ್ದವನನ್ನು ಎಬ್ಬಿಸಲು ಕೈ ಕೊಡುತ್ತಾನೆ. ಅಷ್ಟರಲ್ಲಿ ಅಣ್ಣನ ಕೈ ಮೇಲೆ ಹೋಗುತ್ತದೆ, ಕೆಂಪು.

ಅವನು ಪರದೆಯಿಂದ ಕಣ್ಣು ಕೀಳಲಿಲ್ಲ.

"ಎಲ್ಲಾರೂ ಸರಿ ಅಂದ್ರು. ಅಧ್ಯಕ್ಷರು ಬೆನ್ನು ತಟ್ಟಿದ್ರು. ಅಮ್ಮ ಕೂಡ, 'ನಿನ್ನ ಕೆಲಸ ನೀನು ಮಾಡ್ದೆ ಬಿಡು' ಅಂದ್ರು. ನೀನು ಹೇಳು. ಇಂಥದ್ದು ಸಾವಿರ ನೋಡಿದ್ದೀಯ. ಅದು ಕೆಂಪಾ?"

ಸುಳ್ಳು ಹೇಳಿದರೆ ಈಗಲೇ ಅವನು ಅವಳ ಹೆಗಲ ಮೇಲೆ ತಲೆ ಇಡುತ್ತಿದ್ದ. 'ಹೌದು, ಕೆಂಪೇ' ಎಂದರೆ ಮುಗಿಯಿತು. ನಿಜ ಹೇಳಿದರೆ? ಎದ್ದು ಹೋದವನು ಮತ್ತೆ ಬರುವುದಿಲ್ಲವೇನೋ.

"ಅಲ್ಲ," ಎಂದಳು. "ಹಳದಿಯೂ ಜಾಸ್ತಿಯೇ."

ಅವನು ಅತ್ತ. ಗಂಡಸು, ಗಟ್ಟಿಗ, ತಕ್ಕಡಿ... ಎಲ್ಲ ಬಿಟ್ಟು ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತ. ಅವಳು ತಬ್ಬಿ ಹಿಡಿದುಕೊಂಡಳು. ಎಷ್ಟು ಹೊತ್ತೋ.

"ನಿನ್ನ ಮೇಲೆ ಸಿಟ್ಟು ಹೋಗಿಲ್ಲ," ಎಂದ ಅವಳ ಭುಜಕ್ಕೆ ಮುಖ ಒತ್ತಿಕೊಂಡೇ. "ಆದ್ರೆ ನೀನಿಲ್ದೆ ಬದುಕೋಕೂ ಆಗ್ತಿಲ್ಲ. ಏನು ಮಾಡ್ಲಿ ಹೇಳು?"

"ಸಿಟ್ಟು ಇಟ್ಕೊಂಡೇ ಇರು. ನನ್ನ ಹತ್ರಾನೇ ಇರು. ನಾನು ಎಲ್ಲಿಗೂ ಹೋಗಲ್ಲ."

ಅವನು ಕಣ್ಣೊರೆಸಿಕೊಂಡು ಎದ್ದ.

"ತಮ್ಮನ ಮನೆಗೆ ಹೋಗ್ಬೇಕು. ಅದು ಕೆಂಪಲ್ಲ ಅಂತ ನನ್ನ ಬಾಯಲ್ಲೇ ಹೇಳ್ಬೇಕು. ನೀನೂ ಬಾ."

"ನಾನಾ? ನನ್ನ ನೋಡಿದ್ರೆ ಬಾಗಿಲು ಹಾಕ್ಕೋತಾನೆ ಕಣೋ."

"ನಂಗೂ ಹಾಕ್ಕೋತಾನೆ."

"ಮತ್ತೆ?"

ಅವನು ಅವಳ ಕೈ ಹಿಡಿದುಕೊಂಡ.

"ಇಬ್ರೂ ಹೊರಗೆ ಕೂತಿರೋಣ."